ಎಡಗೈ ಬಲಗೈ ಸೇರುತ್ತಲೇ ಇಲ್ಲ: 44ನೇ ವಯಸ್ಸಿಗೆ ಪಿಯಾನೋ ಶುರು ಮಾಡಿದ್ದೇನೆ, ದಾರಿ ಹೇಳಿ

ಕೋಡಿಬಾಗದ ಅಲೆ (ಕಾರವಾರ), ಜೂನ್ 14, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಇವತ್ತು ಮಳೆ ಹಿಡಿದು ಬಿಟ್ಟೇ ಇಲ್ಲ, ಎಲ್ಲೂ ಹೋಗಲಾಗದೆ ಕೂತಿದ್ದೇನೆ, ಬರೆದೇ ಬಿಡುತ್ತೇನೆ.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಅವಳಿಗೆಂದು 61 ಕೀಗಳ ಕೀಬೋರ್ಡ್ ತಂದಿದ್ದೆವು. ಒಂದು ವರ್ಷ ನುಡಿಸಿದಳು. ಈಗ ಓದಲು ಹುಬ್ಬಳ್ಳಿಗೆ ಹೋಗಿದ್ದಾಳೆ. ಕೀಬೋರ್ಡ್ ಹಳೇ ಬೆಡ್‌ಶೀಟ್ ಹೊದ್ದುಕೊಂಡು ಕಪಾಟಿನ ಮೇಲೆ ಮಲಗಿತ್ತು. ಏಪ್ರಿಲ್‌ನಲ್ಲಿ ಕೆಳಗಿಳಿಸಿದೆ. ಯಾರಿಗೂ ಹೇಳಲಿಲ್ಲ.

ಚಿಕ್ಕವಳಿದ್ದಾಗ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದೆ. ಅಪ್ಪ ಕಲಿಸಿದ್ದು. ಕೇಳಿದ ಹಾಡನ್ನು ಈಗಲೂ ಬಲಗೈಯಲ್ಲಿ ಹುಡುಕಿ ತೆಗೆಯಬಲ್ಲೆ. ಆದರೆ ಪಿಯಾನೋ ಅಂದರೆ ಎರಡೂ ಕೈ ಅಲ್ವಾ? ನಾನು ನಿಂತಿರುವುದು ಅಲ್ಲೇ. ಎಡಗೈ ಇಟ್ಟ ಕೂಡಲೇ ಬಲಗೈ ಹಾಡನ್ನೇ ಮರೆಯುತ್ತದೆ.

ಇನ್ನೊಂದು ವಿಷಯ ಹೇಳಬೇಕೋ ಬೇಡವೋ ಗೊತ್ತಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ಸಂಗೀತ ಹೇಳಿಕೊಡುತ್ತಿದ್ದ ಒಬ್ಬರು ಎಲ್ಲರೆದುರು "ನಿನ್ನ ಬೆರಳು ಗಿಡ್ಡ, ಇದೆಲ್ಲ ನಿನಗಲ್ಲ" ಅಂದಿದ್ದರು. ಆವತ್ತು ಹಾರ್ಮೋನಿಯಂ ಮುಚ್ಚಿಟ್ಟವಳು ಮತ್ತೆ ತೆಗೆಯಲಿಲ್ಲ. ಈಗಲೂ ಕೀಬೋರ್ಡ್ ಮುಂದೆ ಕೂತಾಗ ಅದೇ ಮಾತು ನೆನಪಾಗುತ್ತದೆ. ಎರಡು ವಾರ ಹುರುಪಿನಿಂದ ಕೂರುತ್ತೇನೆ, ಆಮೇಲೆ ಹತ್ತು ದಿನ ಮುಟ್ಟುವುದಿಲ್ಲ. ವಠಾರದ ಮನೆ ಬೇರೆ. ಪಕ್ಕದವರಿಗೆಲ್ಲ ಕೇಳಿಸುತ್ತದೆ ಅನ್ನುವ ಸಂಕೋಚ.

ನನಗೆ ಬೇಕಾದ್ದು ಇಷ್ಟೇ. ಅಪ್ಪ ಹೇಳುತ್ತಿದ್ದ ಒಂದು ಭಜನೆ ಇದೆ, ಭೂಪ್ ರಾಗದ್ದು. ಅದನ್ನು ಎರಡೂ ಕೈಯಲ್ಲಿ, ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸದೆ ಒಮ್ಮೆ ನುಡಿಸಬೇಕು. ಈ ವಯಸ್ಸಿಗೆ ಆಗುತ್ತದಾ? ಎಲ್ಲಿಂದ ಹಿಡಿಯಲಿ?

ರಾತ್ರಿಪಾಳಿ (ಕೈಗಾ), ಜೂನ್ 14, ರಾತ್ರಿ 11:05

ಅಕ್ಕ, ಸಂಕೋಚಕ್ಕೆ ಮದ್ದು ಹೆಡ್‌ಫೋನ್. ಕೀಬೋರ್ಡ್ ಹಿಂದೆ ತೂತು ಇರುತ್ತದೆ ನೋಡಿ. ನಾನು ಪಾಳಿ ಮುಗಿಸಿ ಬಂದು ರಾತ್ರಿ ಒಂದು ಗಂಟೆಗೆ ನುಡಿಸುತ್ತೇನೆ, ಹೆಂಡತಿಗೆ ಎಚ್ಚರವೇ ಆಗುವುದಿಲ್ಲ.

ಬಿಳಿ ನಾಲ್ಕು (ಶಿರಸಿ), ಜೂನ್ 15, ಬೆಳಿಗ್ಗೆ 6:40

ತಂಗೀ, ಮೂವತ್ತೈದು ವರ್ಷ ಗಾಯಕರ ಪಕ್ಕ ಕೂತು ಹಾರ್ಮೋನಿಯಂ ಸಾಥ್ ಕೊಟ್ಟವನು ನಾನು. ಪಿಯಾನೋ ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ. ಹಾಗಾಗಿ ನಿಮ್ಮ ಎಡಗೈ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಹಾರ್ಮೋನಿಯಂ ನುಡಿಸಿದವರು ಪಿಯಾನೋಗೆ ಬರುವಾಗ ಖಾಲಿ ಕೈಯಲ್ಲಿ ಬರುವುದಿಲ್ಲ. ಸ್ವರದ ಜಾಗ ಬೆರಳಿಗೆ ಗೊತ್ತಿದೆ, ಕಿವಿ ತಯಾರಿದೆ. ತಪ್ಪಿದ್ದು ಯಾರೂ ಹೇಳದೆ ನಿಮಗೇ ತಿಳಿಯುತ್ತದೆ. ಆದರೆ ಎಡಗೈ ಇಷ್ಟು ಕಾಲ ಗಾಳಿ ಹಾಕಿದ್ದೇ ಹೊರತು ಸ್ವರ ಮುಟ್ಟಿದ್ದಲ್ಲ. ನಿಮ್ಮ ಬಲಗೈ ಹಳೇ ವಿದ್ಯಾರ್ಥಿ, ಎಡಗೈ ಇವತ್ತು ಶಾಲೆಗೆ ಸೇರಿದ ಮಗು. ಎರಡನ್ನೂ ಒಟ್ಟಿಗೆ ಓಡಿಸಿದರೆ ಮಗು ಬೀಳದೆ ಏನು ಮಾಡುತ್ತದೆ?

ಇನ್ನೊಂದು ವ್ಯತ್ಯಾಸ ಇದೆ. ಇದನ್ನು ನನಗೆ ಯಾರೂ ಹೇಳದೆ ಆರು ತಿಂಗಳು ಹೋಯಿತು. ಹಾರ್ಮೋನಿಯಂನಲ್ಲಿ ಕೀ ಒತ್ತಿ ಹಿಡಿದು ಗಾಳಿ ಕೊಟ್ಟಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ದೊಡ್ಡದು ಸಣ್ಣದು ಮಾಡುವುದು ಗಾಳಿ, ಬೆರಳಲ್ಲ. ಪಿಯಾನೋದೊಳಗೆ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಕೀ ಎಷ್ಟು ಬೇಗ ಕೆಳಗಿಳಿಯಿತೋ ಅಷ್ಟು ಜೋರು. ಬಡಿದ ಮೇಲೆ ಎಷ್ಟೇ ಅದುಮಿ ಹಿಡಿದರೂ ಸ್ವರ ತಾನಾಗಿ ಕರಗುತ್ತದೆ. ಇಟಲಿಯ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ 1700ರ ಹೊತ್ತಿಗೆ ಈ ವಾದ್ಯ ಕಟ್ಟಿದ್ದೇ ಇದಕ್ಕೆ, ಬೆರಳಿನ ಹದದಿಂದಲೇ ಮೆಲ್ಲಗೆ, ಜೋರಾಗಿ ಎರಡೂ ನುಡಿಯಬೇಕು ಅಂತ. ನಾವು ಹಾರ್ಮೋನಿಯಂ ಅಭ್ಯಾಸದಲ್ಲಿ ಕೀಯನ್ನು ಸುಮ್ನೆ ಅದುಮುತ್ತಾ ಕೂರುತ್ತೇವೆ, ಬೆರಳು ಬಿಗಿಯಾಗುತ್ತದೆ. ಸ್ವರ ಹುಟ್ಟಿದ ಮೇಲೆ ಬೆರಳು ಸಡಿಲ ಬಿಡಿ. ಕೀಬೋರ್ಡ್‌ನಲ್ಲಿ ಸುತ್ತಿಗೆ ಇರುವುದಿಲ್ಲ, ಆದರೆ ಟಚ್ ಸೌಲಭ್ಯ ಇದ್ದರೆ ಹೀಗೇ ನಡೆದುಕೊಳ್ಳುತ್ತದೆ. ಅದು ಆನ್ ಇದೆಯಾ ನೋಡಿ.

ಈಗ ನಿಮ್ಮ ಭೂಪ್. ಕಪ್ಪು ಮೂರನ್ನು ಸಾ ಮಾಡಿಕೊಳ್ಳಿ. ಅಂದರೆ ಮೂರು ಕಪ್ಪು ಒಟ್ಟಿಗಿರುವ ಗುಂಪಿನ ಎಡಗಡೆಯದು. ಅಲ್ಲಿಂದ ಬರೀ ಕಪ್ಪು ಕೀಗಳ ಮೇಲೆ ಬಲಕ್ಕೆ ಹೋಗಿ. ಸಾ ರೆ ಗ ಪ ಧ. ಪೂರ್ತಿ ಭೂಪ್ ಅಲ್ಲೇ ಇದೆ, ಬಿಳಿ ಮುಟ್ಟುವ ಅಗತ್ಯವೇ ಇಲ್ಲ. ಎಲ್ಲಿ ಬೆರಳಿಟ್ಟರೂ ರಾಗದ ಸ್ವರವೇ ಬರುತ್ತದೆ. ಅದೇ ಐದು ಕಪ್ಪುಗಳನ್ನು ಕಪ್ಪು ಒಂದರಿಂದ (ಎರಡು ಕಪ್ಪಿನ ಗುಂಪಿನ ಎಡಗಡೆಯದು) ಹಿಡಿದರೆ ದುರ್ಗಾ ರಾಗ, ಕಪ್ಪು ಐದರಿಂದ (ಮೂರರ ಗುಂಪಿನ ಬಲಗಡೆಯದು) ಹಿಡಿದರೆ ಮಾಲಕಂಸ್ ರಾಗ. ನನಗೆ ಇದು ಮೊದಲ ಸಲ ಹೊಳೆದ ದಿನ ಮಧ್ಯಾಹ್ನದ ಊಟ ಮರೆತು ಕೂತಿದ್ದೆ.

ಎಡಗೈಗೆ ಎರಡೇ ಸ್ವರ ಕೊಡಿ. ಕಿರುಬೆರಳು ಕೆಳಗಿನ ಸಾ, ಹೆಬ್ಬೆರಳು ಪಾ. ತಂಬೂರಿ ಹಾಗೆ. ನಿಮ್ಮ ಭಜನೆ ಕೆಹರ್ವಾ ತಾಳದಲ್ಲಿದ್ದರೆ ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ. ಒಂದನೇ ಮಾತ್ರೆಗೆ ಸಾ, ಐದನೇ ಮಾತ್ರೆಗೆ ಪಾ. ಇಷ್ಟೇ. ಆರು ಮಾತ್ರೆಯ ದಾದ್ರಾ ತಾಳ ಆದರೆ ಒಂದಕ್ಕೆ ಮತ್ತು ನಾಲ್ಕಕ್ಕೆ. ಕಾರ್ಡ್ ಗೀರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ ಒತ್ತುವುದು, ಈಗಲೇ ಬೇಡ. ಭೂಪ್‌ನಲ್ಲಿ ಮಧ್ಯಮ, ನಿಷಾದ ಇಲ್ಲ. ಎಲ್ಲರೂ ಹೇಳಿಕೊಡುವ ಮೂರು ಕಾರ್ಡ್‌ಗಳಲ್ಲಿ ಅವೆರಡೂ ನುಸುಳುತ್ತವೆ, ರಾಗದ ಬಣ್ಣ ಬದಲಾಗುತ್ತದೆ. ಸಾ-ಪಾ ರಾಗವನ್ನು ಕೆಡಿಸುವುದಿಲ್ಲ.

ಅಘನಾಶಿನಿ (ಕುಮಟಾ), ಜೂನ್ 15, ಮಧ್ಯಾಹ್ನ 2:15

ಬೆಂಗಳೂರಿನಲ್ಲಿ 11 ವರ್ಷ ಪಿಯಾನೋ ಹೇಳಿಕೊಟ್ಟು ಈಗ ಊರಿಗೆ ಬಂದು ನೆಲೆಸಿದ್ದೇನೆ. ಮೇಲಿನ ಸರ್ ಹೇಳಿದ ಕಪ್ಪು ಕೀ ದಾರಿಯನ್ನು ಪಾಶ್ಚಾತ್ಯ ಪದ್ಧತಿಯವರು ಒಪ್ಪಲಿಕ್ಕಿಲ್ಲ ಅಂತ ಹಲವರು ಅಂದುಕೊಳ್ಳಬಹುದು. ಹಾಗೇನಿಲ್ಲ. ಪಿಯಾನೋ ಸಂಗೀತದ ದೊಡ್ಡ ರಚನೆಕಾರ ಶೋಪಿನ್ ತನ್ನ ಶಿಷ್ಯರಿಗೆ ಬರೀ ಬಿಳಿ ಕೀಗಳಿಂದ ಶುರು ಮಾಡಿಸುತ್ತಿರಲಿಲ್ಲ. ಹೆಬ್ಬೆರಳು ಮತ್ತು ಕಿರುಬೆರಳು ಬಿಳಿ ಮೇಲೆ, ನಡುವಿನ ಉದ್ದದ ಮೂರು ಬೆರಳು ಕಪ್ಪು ಮೇಲೆ. ಕೈ ತನ್ನಷ್ಟಕ್ಕೆ ಹೇಗೆ ಇರುತ್ತದೋ ಹಾಗೇ ಕೂರಲಿ ಅಂತ.

ಅಕ್ಕ, ಗಿಡ್ಡ ಬೆರಳಿನ ಮಾತು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಒಂದು ಬಿಳಿ ಕೀ ಅಗಲ ಸುಮಾರು 23 ಮಿಲಿಮೀಟರ್. ಐದು ಬೆರಳಿಗೆ ಐದು ಕೀ ಅಂದರೆ 12 ಸೆಂಟಿಮೀಟರ್ ಆಸುಪಾಸು. ಕಲಿಯುವವರ ಮೊದಲ ವರ್ಷದ ಪಾಠಗಳಲ್ಲಿ ಬಹುಪಾಲು ಇಷ್ಟರೊಳಗೇ ಇರುತ್ತವೆ. ಸ್ಪೇನ್‌ನ ಅಲಿಸಿಯಾ ಡಿ ಲಾರೋಚಾ ಐದು ಅಡಿಗೂ ಕಡಿಮೆ ಎತ್ತರ, ಕೈಯೂ ಚಿಕ್ಕದು. ಇಪ್ಪತ್ತನೇ ಶತಮಾನದ ದೊಡ್ಡ ಪಿಯಾನೋ ವಾದಕರಲ್ಲಿ ಒಬ್ಬರು. ಇನ್ನೊಬ್ಬ ಹೆಸರಾಂತ ವಾದಕ ಜೋಸೆಫ್ ಹಾಫ್‌ಮನ್ ಕೈ ಚಿಕ್ಕದಿದ್ದ ಕಾರಣ ಕಿರಿದಾದ ಕೀಗಳ ಪಿಯಾನೋವನ್ನೇ ಮಾಡಿಸಿಕೊಂಡಿದ್ದರು. ಆ ಮಾತು ಹೇಳಿದವರಿಗೆ ಇದು ಗೊತ್ತಿರಲಿಲ್ಲ ಅಷ್ಟೇ. ಅವರ ಅರೆಬರೆ ತಿಳಿವಳಿಕೆಯನ್ನು ನೀವು ಇನ್ನು ಹೊರಬೇಕಾಗಿಲ್ಲ.

ಒಂದು ಪ್ರಶ್ನೆ. ಕೀಬೋರ್ಡ್ ಎಲ್ಲಿಟ್ಟು ನುಡಿಸುತ್ತೀರಿ? ಚಾಪೆ ಮೇಲಾ?

ಕೋಡಿಬಾಗದ ಅಲೆ, ಜೂನ್ 15, ರಾತ್ರಿ 9:30

ಹೌದು ಮೇಡಂ, ಚಾಪೆ ಮೇಲೆ. ಹಾರ್ಮೋನಿಯಂ ಹಾಗೆ ಒಂದು ಕಾಲು ಮಡಚಿ ಕೂರುತ್ತೇನೆ. ಹೇಗೆ ಗೊತ್ತಾಯಿತು?

ಅಘನಾಶಿನಿ, ಜೂನ್ 15, ರಾತ್ರಿ 10:10

ಹಾರ್ಮೋನಿಯಂನಿಂದ ಬಂದವರೆಲ್ಲ ಹಾಗೇ ಶುರು ಮಾಡುತ್ತಾರೆ. ಅಲ್ಲಿ ಒಂದು ಕೈ ಮಾತ್ರ ಕೀ ಮೇಲೆ, ಮೈ ಓರೆಯಾದರೂ ನಡೆಯುತ್ತದೆ. ಇಲ್ಲಿ ಎರಡೂ ಕೈ ಬೇಕು. ನೆಲದಲ್ಲಿಟ್ಟರೆ ಮಣಿಕಟ್ಟು ಮುರಿದ ಹಾಗೆ ಬಗ್ಗುತ್ತದೆ, ಎಡಗೈ ಇನ್ನೂ ಬಿಗಿಯಾಗುತ್ತದೆ. ಮೇಜಿನ ಮೇಲಿಡಿ. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಊಟದ ಮೇಜು ಸಾಮಾನ್ಯವಾಗಿ ಎತ್ತರವಾಗುತ್ತದೆ, ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿಕೊಳ್ಳಿ. ಪಾದ ನೆಲ ಮುಟ್ಟಬೇಕು. ಭುಜ ಕಿವಿ ಹತ್ತಿರ ಏರುತ್ತಿದೆ ಅನ್ನಿಸಿದರೆ ನಿಲ್ಲಿಸಿ ಒಮ್ಮೆ ಕೆಳಗೆ ಬಿಡಿ.

ಬೆರಳಿಗೆ ನಂಬರು ಇರುತ್ತದೆ. ಎರಡೂ ಕೈಯಲ್ಲಿ ಹೆಬ್ಬೆರಳು 1, ಕಿರುಬೆರಳು 5. ಬಿಳಿ ಒಂದರಿಂದ (ಎರಡು ಕಪ್ಪಿನ ಗುಂಪಿನ ಎಡಕ್ಕಿರುವ ಬಿಳಿ ಕೀ) ಎಂಟು ಸ್ವರ ಏರುವಾಗ ಬಲಗೈ 1 2 3, ಆಮೇಲೆ ಹೆಬ್ಬೆರಳು ಕೆಳಗಿಂದ ನುಸುಳಿ ಮತ್ತೆ 1 2 3 4 5. ಎಡಗೈ 5 4 3 2 1, ಆಮೇಲೆ ಮಧ್ಯದ ಬೆರಳು ಮೇಲಿಂದ ದಾಟಿ 3 2 1. ಹಾರ್ಮೋನಿಯಂನಲ್ಲಿ ಸಿಕ್ಕಿದ ಬೆರಳು ಹಾಕಿ ರೂಢಿಯಾಗಿರುತ್ತದೆ. ಇಲ್ಲಿ ದಿನಾ ಒಂದೇ ಬೆರಳು ಒಂದೇ ಜಾಗಕ್ಕೆ ಹೋಗಬೇಕು. ಇವತ್ತೊಂದು ನಾಳೆಯೊಂದು ಆದರೆ ಕೈಗೆ ನೆನಪೇ ಉಳಿಯುವುದಿಲ್ಲ. ನಿಮ್ಮ ಭಜನೆಗೂ ಬೆರಳು ನಿರ್ಧರಿಸಿ ಕಾಗದದಲ್ಲಿ ಬರೆದಿಡಿ.

ಇನ್ನು ಅಭ್ಯಾಸ. ಹೆಚ್ಚಿನವರು ಎಡವುವುದು ಒಂದೇ ಕಡೆ. ಹಾಡನ್ನು ಮೊದಲಿನಿಂದ ಶುರು ಮಾಡುತ್ತಾರೆ, ಮೂರನೇ ಸಾಲಿನಲ್ಲಿ ತಪ್ಪುತ್ತದೆ, ಮತ್ತೆ ಮೊದಲಿನಿಂದ. ತಿಂಗಳಾದರೂ ಮೊದಲ ಸಾಲು ಚೆನ್ನ, ಮೂರನೆಯದು ಹಾಗೇ. ಮೂರನೆಯದನ್ನು ಅವರು ನುಡಿಸಿದ್ದೇ ಕಡಿಮೆ, ನುಡಿಸಿದಾಗಲೆಲ್ಲ ತಪ್ಪಾಗಿ. ಕೈ ತಪ್ಪನ್ನೇ ಕಲಿತಿರುತ್ತದೆ. ನೀವು ಕೊನೆಯ ಸಾಲಿನಿಂದ ಶುರು ಮಾಡಿ. ಅದು ಕೂತ ಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ಆಗ ನುಡಿಸುತ್ತಾ ಹೋದ ಹಾಗೆ ಗೊತ್ತಿರುವ ಕಡೆಗೇ ಹೋಗುತ್ತೀರಿ. ಧೈರ್ಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ನನ್ನ ಹತ್ತಿರ ಬರುವ ಮಕ್ಕಳಿಗೆ ಐದು ಅಡಿಕೆ ಕೊಡುತ್ತೇನೆ. ಎಲ್ಲ ಎಡಗಡೆ ಇಡಬೇಕು. ಒಂದು ಸಾಲು ನಿಧಾನವಾಗಿ, ತಪ್ಪಿಲ್ಲದೆ ನುಡಿಸಿದರೆ ಒಂದು ಅಡಿಕೆ ಬಲಕ್ಕೆ. ತಪ್ಪಿದರೆ ಒಂದು ವಾಪಸ್. ಒಂದೇ, ಎಲ್ಲ ಅಲ್ಲ. ಐದೂ ಬಲಕ್ಕೆ ಹೋದರೆ ಆ ದಿನದ ಕೆಲಸ ಮುಗಿಯಿತು, ಏಳಬಹುದು. ಹತ್ತೇ ನಿಮಿಷಕ್ಕೆ ಮುಗಿದರೂ ಏಳಬಹುದು. ನಿಧಾನ ಅಂದರೆ ಎಷ್ಟು? ಟಿಕ್ ಟಿಕ್ ಎಂದು ಲಯ ಹಿಡಿಯುವ ಮೆಟ್ರೊನೋಮ್ 60ಕ್ಕಿಟ್ಟು ನೋಡಿ, ಸೆಕೆಂಡಿಗೊಂದು ಮಾತ್ರೆ. ಅದಕ್ಕೂ ತಪ್ಪಿದರೆ 50.

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಾ 15 ನಿಮಿಷ ಬಹಳ ಮೇಲು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಮದ್ದಳೆ ಕೈ (ಹೊನ್ನಾವರ), ಜೂನ್ 16, ಸಂಜೆ 5:50

ಪಿಯಾನೋ ನನಗೆ ಬರುವುದಿಲ್ಲ. ಆದರೆ ಎರಡು ಕೈಗೆ ಎರಡು ಕೆಲಸ ಕೊಡುವುದು ಗೊತ್ತು. ಯಕ್ಷಗಾನದಲ್ಲಿ ಮದ್ದಳೆ ಕಲಿಸುವಾಗ ಗುರುಗಳು ಮೊದಲು ಕೈಗೆ ಕೊಡುವುದಿಲ್ಲ, ಬಾಯಿಗೆ ಕೊಡುತ್ತಾರೆ. ಬಾಯಲ್ಲಿ ಕೂರದ್ದು ಕೈಗೆ ಬರುವುದಿಲ್ಲ.

ನೀವು ಹೀಗೆ ಮಾಡಿ ಅಕ್ಕ. ಕೀಬೋರ್ಡ್ ಮುಚ್ಚಿಡಿ. ತೊಡೆ ಮೇಲೆ ಎರಡೂ ಕೈ. ಬಾಯಲ್ಲಿ "ಎರಡೂ, ಬಲ, ಬಲ, ಬಲ" ಅಂತ ಹೇಳುತ್ತಾ ತಟ್ಟಿ. "ಎರಡೂ" ಅಂದಾಗ ಎರಡು ಕೈಯೂ ಒಟ್ಟಿಗೆ ಬೀಳಬೇಕು. ನಿಮ್ಮ ಸಾ ಮತ್ತು ಪಾ ಬರುವ ಜಾಗ ಅದೇ. ಅಡುಗೆ ಕುದಿಯುವಾಗ ಮಾಡಿ, ಬಸ್ಸಿನಲ್ಲಿ ಮಾಡಿ. ಮೂರು ದಿನ ಆದ ಮೇಲೆ ಕೀಬೋರ್ಡ್ ಮುಂದೆ ಕೂತು ಹೇಳುತ್ತಲೇ ನುಡಿಸಿ. ಹೇಳುವುದು ನಿಲ್ಲಿಸಬೇಡಿ. ಬಾಯಿ ನಿಂತರೆ ಕೈ ದಾರಿ ತಪ್ಪುತ್ತದೆ.

ಮಲೆನಾಡ ಮನೆ (ಸಿದ್ದಾಪುರ), ಜೂನ್ 16, ರಾತ್ರಿ 8:15

ಒಂದು ಪ್ರಾಮಾಣಿಕ ಪ್ರಶ್ನೆ. ಹಾರ್ಮೋನಿಯಂ ಗೊತ್ತಿರುವಾಗ ಪಿಯಾನೋ ಯಾಕೆ? ಭಜನೆಗೆ ನಮ್ಮ ವಾದ್ಯವೇ ಸಾಕಲ್ಲ?

ಬಿಳಿ ನಾಲ್ಕು, ಜೂನ್ 16, ರಾತ್ರಿ 9:45

ಹಾರ್ಮೋನಿಯಂ ನಮ್ಮದೇ, ಆದರೆ ಹುಟ್ಟಿದ್ದು 1840ರ ಆಸುಪಾಸಿನ ಪ್ಯಾರಿಸ್‌ನಲ್ಲಿ. ಕಾಲಲ್ಲಿ ಗಾಳಿ ಹಾಕುವ ವಾದ್ಯ ಅದು. ಕೈಯಲ್ಲಿ ಗಾಳಿ ಹಾಕಿ ನೆಲದಲ್ಲಿ ಕೂತು ನುಡಿಸುವಂತೆ ಕಲ್ಕತ್ತೆಯಲ್ಲಿ ಮಾಡಿದರು. ಇದು ಪರದೇಶದ್ದು, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. 1971ರವರೆಗೂ ನಿಷೇಧ ಇತ್ತು. ಈಗ ಹಾರ್ಮೋನಿಯಂ ಇಲ್ಲದ ಭಜನೆ ಎಲ್ಲಿದೆ?

ಮೀಂಡ್ ಪಿಯಾನೋದಲ್ಲೂ ಬರುವುದಿಲ್ಲ, ಅದು ನಿಜ. ಆದರೆ ಸ್ವರ ಕರಗುವ ರೀತಿ ಇದೆಯಲ್ಲ, ಅದು ಹಾರ್ಮೋನಿಯಂನಲ್ಲಿ ಸಿಗುವುದಿಲ್ಲ. ಕಾರವಾರದವರಿಗೆ ಒಂದು ಮಾತು. ನಿಮ್ಮ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ದಾಗ, 1880ರ ದಶಕದಲ್ಲಿ, ಬಂದು ಉಳಿದಿದ್ದರು. ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ಕಲ್ಕತ್ತೆಯ ಮನೆಯಲ್ಲಿ ಪಿಯಾನೋ ಮುಂದೆ ಕೂತು ಹೊಸ ಹೊಸ ಧಾಟಿ ನುಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಅದಕ್ಕೆ ಪದ ಹೊಂದಿಸುತ್ತಿದ್ದದ್ದು ತಮ್ಮ ರವೀಂದ್ರ.

ಸದಾಶಿವಗಡ (ಕಾರವಾರ), ಜೂನ್ 18, ಸಂಜೆ 7:00

ಇಗರ್ಜಿಯ ಹಾಡಿನ ತಂಡಕ್ಕೆ ಕೀಬೋರ್ಡ್ ನುಡಿಸುತ್ತೇನೆ. ಕಲಿತದ್ದು ಮಡಗಾಂವ್‌ನಲ್ಲಿ. ರೈಲಿನಲ್ಲಿ ಹೋಗಿ ಬರುತ್ತಿದ್ದೆ, ಶನಿವಾರ ಶನಿವಾರ, ನಾಲ್ಕು ವರ್ಷ. ನಮ್ಮ ಕಡೆಯವರು ಹುಬ್ಬಳ್ಳಿ ಕಡೆ ನೋಡುತ್ತಾರೆ. ಪಿಯಾನೋ ಗುರುಗಳು ಗೋವಾದಲ್ಲಿ ಜಾಸ್ತಿ, ಹತ್ತಿರವೂ ಆಗುತ್ತದೆ.

ಯಾರಾದರೂ ಹುರುಪಿನಲ್ಲಿ ಹಳೇ ಮರದ ಪಿಯಾನೋ ಕೊಳ್ಳಲು ಹೊರಟರೆ ದಯವಿಟ್ಟು ಇದನ್ನು ಓದಿ. ನಮ್ಮಜ್ಜನ ಕಾಲದ್ದೊಂದು ಮನೆಯಲ್ಲಿತ್ತು. ಅದರೊಳಗೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳು, ಜೊತೆಗೆ ಬೇಕಾದಷ್ಟು ಮರ ಮತ್ತು ಉಣ್ಣೆಯ ಫೆಲ್ಟ್. ಪಿಯಾನೋಗೆ ಹಿತವಾದ ಗಾಳಿಯ ತೇವ ಶೇ 40ರಿಂದ 50. ಮಳೆಗಾಲದ ನಮ್ಮೂರಲ್ಲಿ ಅದು ಶೇ 80 ದಾಟುವುದು ಸಾಮಾನ್ಯ, ಮೇಲಿಂದ ಉಪ್ಪು ಗಾಳಿ. ಜುಲೈ ಬಂದರೆ ಕೀಗಳು ಉಬ್ಬಿ ಕೆಳಗೆ ಹೋದದ್ದು ಮೇಲೆ ಬರುತ್ತಿರಲಿಲ್ಲ. ಅಜ್ಜ ಪೆಟ್ಟಿಗೆಯ ಕೆಳಭಾಗದಲ್ಲಿ ಸಣ್ಣ ಬಲ್ಬ್ ಒಂದನ್ನು ಹಗಲು ರಾತ್ರಿ ಉರಿಸಿಡುತ್ತಿದ್ದರು, ಬಿಸಿಗೆ ಒಳಗೆ ಒಣಗಿರಲಿ ಅಂತ. ಹುಳ ಫೆಲ್ಟ್ ತಿನ್ನಬಾರದೆಂದು ನುಸಿಗುಳಿಗೆ. ಸಂಜೆ ಕತ್ತಲಾದ ಮೇಲೆ ಆ ಪೆಟ್ಟಿಗೆಯ ಸಂದಿಯಿಂದ ಹಳದಿ ಗೆರೆಯೊಂದು ನೆಲದ ಮೇಲೆ ಬೀಳುತ್ತಿತ್ತು. ಅಜ್ಜ ಹೋದ ಮೇಲೆ ಬಲ್ಬ್ ಸುಟ್ಟದ್ದನ್ನು ಯಾರೂ ಗಮನಿಸಲಿಲ್ಲ. ಎರಡು ಮಳೆಗಾಲಕ್ಕೆ ತಂತಿ ತುಕ್ಕು ಹಿಡಿಯಿತು.

ಹಾಗಾಗಿ ಕರಾವಳಿಯಲ್ಲಿ ಹೊಸಬರಿಗೆ ಡಿಜಿಟಲ್ಲೇ ಸರಿ. ಶ್ರುತಿ ಮಾಡಿಸುವ ಗೋಳಿಲ್ಲ. ಪೂರ್ತಿ ಪಿಯಾನೋ ಅಂದರೆ 88 ಕೀ, 52 ಬಿಳಿ, 36 ಕಪ್ಪು. ಅಕ್ಕನ ಭಜನೆಗೆ 61 ಧಾರಾಳ ಸಾಕು, ಮೊದಲ ಒಂದೆರಡು ವರ್ಷಕ್ಕೂ ಸಾಕು. ಮುಂದೆ ಕೊಳ್ಳುವಾಗ ತೂಕದ ಕೀ (ಒತ್ತಿದರೆ ಮರದ ಪಿಯಾನೋದ ಹಾಗೆ ಭಾರ ಅನ್ನಿಸುವಂಥದ್ದು) ಇರುವುದನ್ನು ನೋಡಿ, ಬೆರಳಿಗೆ ಬಲ ಬರುವುದು ಅದರಲ್ಲೇ. ನುಡಿಸಿ ಆದ ಮೇಲೆ ಬಟ್ಟೆ ಮುಚ್ಚಿ, ಸಮುದ್ರದ ಕಡೆ ಕಿಟಕಿ ಹತ್ತಿರ ಇಡಬೇಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಕುಮಟಾ ಪೇಟೆ, ಜೂನ್ 21, ಬೆಳಿಗ್ಗೆ 8:30

ನನ್ನದು ಬೇರೆ ಕಷ್ಟ. ಮಗಳಿಗೆ 9 ವರ್ಷ. ಆನ್‌ಲೈನ್ ಕ್ಲಾಸ್ ಸೇರಿಸಿದ್ದೇವೆ. ಮೊದಲು ಕುಣಿದುಕೊಂಡು ಕೂರುತ್ತಿದ್ದಳು, ಈಗ ಅಭ್ಯಾಸ ಅಂದರೆ ಅಳು. ಗ್ರೇಡ್ ಪರೀಕ್ಷೆ ಕಟ್ಟಿಸಿದರೆ ಗುರಿ ಇರುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ದಿನಾ ಪಕ್ಕ ಕೂತು ತಪ್ಪು ಹೇಳುತ್ತೇನೆ, ಬೈದದ್ದೂ ಇದೆ.

ಅಘನಾಶಿನಿ, ಜೂನ್ 21, ಬೆಳಿಗ್ಗೆ 11:00

ಸರ್, ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ಪಕ್ಕ ಕೂತು ತಪ್ಪು ಹೇಳುವುದನ್ನು ಒಂದು ತಿಂಗಳು ಬಿಡಿ. ಅದು ಗುರುವಿನ ಕೆಲಸ. ಅಪ್ಪನ ಕಡೆಯಿಂದ ಅವಳಿಗೆ ಬೇಕಾದ್ದು ಕೇಳುವ ಕಿವಿ. "ನನಗೂ ಒಂದು ಸಾಲು ಹೇಳಿಕೊಡು ಪುಟ್ಟಿ" ಅನ್ನಿ. ನಿಜವಾಗಿ ಕಲಿಯಿರಿ. ನಿಮ್ಮ ಬೆರಳು ತಡವರಿಸುವುದನ್ನು ಅವಳು ನೋಡಲಿ.

ಪರೀಕ್ಷೆ ಕೆಟ್ಟದ್ದಲ್ಲ. ಪರೀಕ್ಷೆ ನಡೆಸುವ ಲಂಡನ್ನಿನ ಸಂಸ್ಥೆಗಳಾದ ಟ್ರಿನಿಟಿ, ಎಬಿಆರ್‌ಎಸ್‌ಎಂ ಎರಡರಲ್ಲೂ ಇನಿಷಿಯಲ್‌ನಿಂದ 8ನೇ ಗ್ರೇಡ್‌ವರೆಗೆ ಇದೆ. ವಯಸ್ಸಿನ ಕಟ್ಟಿಲ್ಲ, ಈಗ ವಿಡಿಯೋ ಮಾಡಿ ಕಳಿಸುವ ಪರೀಕ್ಷೆಯೂ ಇದೆ. ಟ್ರಿನಿಟಿಯಲ್ಲಿ 100ಕ್ಕೆ 60 ಬಂದರೆ ಪಾಸು. ಆದರೆ ಅಳುತ್ತಿರುವ ಮಗುವಿಗೆ ಪರೀಕ್ಷೆ ಔಷಧವಲ್ಲ. ವರ್ಷವಿಡೀ ಮೂರ್ನಾಲ್ಕೇ ಪಾಠ ತಿರುಗಿಸಿ ತಿರುಗಿಸಿ ನುಡಿಸಿ ಪಿಯಾನೋ ಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ. ಮೊದಲು ಅವಳಿಗೆ ಇಷ್ಟದ ಹಾಡು ಒಂದು ಕೈಗೆ ಸಿಗಲಿ.

ರಾತ್ರಿಪಾಳಿ, ಜೂನ್ 23, ರಾತ್ರಿ 1:40

ನಾನು ಗುರುಗಳಿಲ್ಲದೆ ಆ್ಯಪ್‌ನಲ್ಲೇ ಕಲಿತವನು. ಮೇಲಿನಿಂದ ಬಣ್ಣದ ಪಟ್ಟಿ ಬೀಳುತ್ತದೆ, ಕೀ ಮುಟ್ಟಿದಾಗ ಒತ್ತುವುದು. ಎಂಟು ತಿಂಗಳಲ್ಲಿ ಮೂರು ಹಾಡು ಬಂತು. ಆದರೆ ಪರದೆ ಆರಿಸಿದರೆ ಒಂದೂ ಬರುವುದಿಲ್ಲ. ಎಲ್ಲಿ ತಪ್ಪಿದೆ?

ಬಿಳಿ ನಾಲ್ಕು, ಜೂನ್ 23, ಬೆಳಿಗ್ಗೆ 6:30

ತಮ್ಮಾ, ಕಣ್ಣು ಕಲಿತಿದೆ, ಕಿವಿ ಕಲಿತಿಲ್ಲ. ನುಡಿಸುವ ಮೊದಲು ಹಾಡನ್ನು ಬಾಯಲ್ಲಿ ಹೇಳು, ಕಂಠ ಹೇಗಿದ್ದರೂ ಚಿಂತೆಯಿಲ್ಲ. ಆಮೇಲೆ ಪರದೆ ಇಲ್ಲದೆ ಮೊದಲ ನಾಲ್ಕು ಸ್ವರ ಹುಡುಕು. ಒಂದು ಸಂಜೆ ಪೂರ್ತಿ ಅದಕ್ಕೇ ಹೋದರೂ ಹೋಗಲಿ.

ಅಘನಾಶಿನಿ, ಜೂನ್ 23, ಬೆಳಿಗ್ಗೆ 9:20

ಸರ್ ಮಾತಿಗೆ ಒಂದು ಸೇರಿಸುತ್ತೇನೆ. ಸ್ವರಲಿಪಿ ಓದುವುದನ್ನು ದಿನಾ ಐದು ನಿಮಿಷ ಕಲಿಯಿರಿ. ಇದರಲ್ಲಿ ಸರ್‌ಗೂ ನನಗೂ ಭಿನ್ನಾಭಿಪ್ರಾಯ ಇರಬಹುದು, ಅವರು ಕಿವಿಯ ಪಕ್ಷ. ಐದು ಗೆರೆ ನೋಡಿ ಹೆದರಬೇಡಿ. ಮೂರು ಗುರುತು ಸಾಕು. ಮೇಲಿನ ಸಾಲಿನ ಚಿಹ್ನೆಯ ಸುರುಳಿ ಯಾವ ಗೆರೆಯನ್ನು ಸುತ್ತಿದೆಯೋ ಅದು ಜಿ, ಬಿಳಿ ಐದು. ಕೆಳಗಿನ ಸಾಲಿನ ಚಿಹ್ನೆಯ ಎರಡು ಚುಕ್ಕಿಗಳ ನಡುವಿನ ಗೆರೆ ಎಫ್, ಬಿಳಿ ನಾಲ್ಕು. ಎರಡು ಸಾಲುಗಳ ಮಧ್ಯೆ ತುಂಡು ಗೆರೆಯ ಮೇಲೆ ಕೂತದ್ದು ಮಿಡ್ಲ್ ಸಿ, ಬಿಳಿ ಒಂದು. 61 ಕೀಗಳ ಕೀಬೋರ್ಡ್‌ನಲ್ಲಿ ಅದು ಎಡದಿಂದ ಮೂರನೇ ಬಿಳಿ ಒಂದು, 88ರಲ್ಲಿ ನಾಲ್ಕನೆಯದು. ಉಳಿದದ್ದನ್ನು ಈ ಮೂರರಿಂದ ಎಣಿಸಿಕೊಳ್ಳಬಹುದು.

ಕೋಡಿಬಾಗದ ಅಲೆ, ಆಗಸ್ಟ್ 9, ರಾತ್ರಿ 9:10

ಏನೂ ಬರೆಯದೆ ಇಷ್ಟು ದಿನ ಇದ್ದೆ, ಕ್ಷಮಿಸಿ. ಜುಲೈ ಚೆನ್ನಾಗಿ ಹೋಯಿತು. ಊಟದ ಮೇಜು, ಎರಡು ದಿಂಬು. ಅಡಿಕೆ ಬದಲು ಐದು ಕಪ್ಪೆಚಿಪ್ಪು ಇಟ್ಟುಕೊಂಡಿದ್ದೇನೆ, ಮಗಳು ಚಿಕ್ಕವಳಿದ್ದಾಗ ಆರಿಸಿ ತಂದದ್ದು. ಕೊನೆಯ ಎರಡು ಸಾಲು ಎರಡೂ ಕೈಯಲ್ಲಿ ಬರುತ್ತಿತ್ತು. ತೊಡೆ ತಟ್ಟುವುದು ತುಂಬಾ ಸಹಾಯವಾಯಿತು ಹೊನ್ನಾವರದ ಅಣ್ಣ.

ಆಮೇಲೆ ಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೂ ಕೂರಲಿಲ್ಲ. ಹನ್ನೆರಡು ದಿನ ಹಾಗೇ ಹೋಯಿತು. ನಿನ್ನೆ ಕೂತೆ, ಎಲ್ಲ ಮರೆತ ಹಾಗಾಯಿತು. ಅಳು ಬಂತು. ಮತ್ತೆ ಹಳೇ ಮಾತೇ ನಿಜ ಅನ್ನಿಸಿತು.

ಮದ್ದಳೆ ಕೈ, ಆಗಸ್ಟ್ 9, ರಾತ್ರಿ 10:00

ಮರೆತಿಲ್ಲ ಅಕ್ಕ. ಮಳೆಗಾಲದಲ್ಲಿ ಮೇಳ ನಿಂತಾಗ ನಾವೂ ಮದ್ದಳೆ ಮುಟ್ಟದ ದಿನಗಳಿರುತ್ತವೆ. ಮೊದಲ ದಿನ ಕೈ ಕಟ್ಟಿಗೆ. ಮೂರನೇ ದಿನಕ್ಕೆ ಸಡಿಲ. ಮೂರು ದಿನ ನೋಡಿ ಆಮೇಲೆ ಹೇಳಿ.

ಅಘನಾಶಿನಿ, ಆಗಸ್ಟ್ 10, ಬೆಳಿಗ್ಗೆ 7:50

ನಾಳೆ ಕೂತಾಗ ಹೊಸದು ಬೇಡ. ಕೊನೆಯ ಸಾಲು ಮಾತ್ರ, ಒಂದೇ ಚಿಪ್ಪು. ಆದ ಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ, ಕೇಳಬೇಡಿ. ಸೆಪ್ಟೆಂಬರ್ 10ಕ್ಕೆ ಮತ್ತೊಂದು ಮಾಡಿ, ಆಗ ಎರಡನ್ನೂ ಕೇಳಿ. ದಿನ ದಿನಕ್ಕೆ ನೋಡಿದರೆ ಬೆಳವಣಿಗೆ ಕಾಣುವುದಿಲ್ಲ, ತಿಂಗಳಿಗೆ ಕಾಣುತ್ತದೆ. ಕರೆಂಟ್ ವಿಷಯ: ಹೆಚ್ಚಿನ 61 ಕೀ ಕೀಬೋರ್ಡ್‌ಗಳಿಗೆ ಬ್ಯಾಟರಿ ಹಾಕಬಹುದು. ಮಗುಚಿ ನೋಡಿ, ಮುಚ್ಚಳ ಇರುತ್ತದೆ.

ಕೋಡಿಬಾಗದ ಅಲೆ, ಆಗಸ್ಟ್ 10, ರಾತ್ರಿ 8:40

ಮುಚ್ಚಳ ಇದೆ! ಆರು ಸೆಲ್. ಇಷ್ಟು ವರ್ಷ ಮಗುಚಿ ನೋಡಿಯೇ ಇರಲಿಲ್ಲ.

ಕುಮಟಾ ಪೇಟೆ, ಸೆಪ್ಟೆಂಬರ್ 2, ರಾತ್ರಿ 9:00

ಮೇಡಂ, ಮಗಳು ನನಗೆ ಎರಡು ಸಾಲು ಕಲಿಸಿದ್ದಾಳೆ. ಹೆಬ್ಬೆರಳು ನುಸುಳುವ ಕಡೆ ನಾನು ದಿನಾ ತಪ್ಪುತ್ತೇನೆ. ಅವಳು ನನ್ನ ಕೈ ಹಿಡಿದು ತೋರಿಸುತ್ತಾಳೆ. ಅಳು ನಿಂತಿದೆ.

ಕೋಡಿಬಾಗದ ಅಲೆ, ಅಕ್ಟೋಬರ್ 26, ರಾತ್ರಿ 10:50

ಆಯಿತು. ಮೊದಲಿನಿಂದ ಕೊನೆಯವರೆಗೆ, ಎರಡೂ ಕೈ.

ಹೇಗಾಯಿತು ಅಂತ ಹೇಳಲೇಬೇಕು. ಸೆಪ್ಟೆಂಬರ್‌ನಲ್ಲಿ ಎರಡು ರೆಕಾರ್ಡಿಂಗ್ ಕೇಳಿದೆ. ಮೊದಲನೆಯದರಲ್ಲಿ ಎಡಗೈ ಪ್ರತಿ ಸಲ ಅರ್ಧ ಮಾತ್ರೆ ಹಿಂದೆ. ಎರಡನೆಯದರಲ್ಲಿ ಎರಡು ಕಡೆ ಮಾತ್ರ. ನನ್ನ ಕಿವಿಯಲ್ಲೇ ಕೇಳಿದ್ದರಿಂದ ನಂಬಿದೆ. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

ಆ ವಾರ ಹೆಡ್‌ಫೋನ್ ತೆಗೆದಿಟ್ಟೆ. ಬೆಳಿಗ್ಗೆ ಮೀನು ಮಾರುವ ಹೆಂಗಸು ಬರುವ ಹೊತ್ತಿಗೆ ನುಡಿಸುತ್ತಿದ್ದೆ. ಅವಳು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತಿದ್ದು ನನಗೆ ಗೊತ್ತಾಗಲಿಲ್ಲ. ಮುಗಿದ ಮೇಲೆ ಬಂಗಡೆ ಕೊಟ್ಟು ಹೋದಳು, ಏನೂ ಹೇಳಲಿಲ್ಲ. ಮರುದಿನ ನಾನು ನುಡಿಸಲಿಲ್ಲ, ನೆಂಟರಿದ್ದರು. ಬಾಗಿಲಲ್ಲಿ ನಿಂತು "ಬಾಯೇ, ಇವತ್ತು ಪೆಟ್ಟಿಗೆ ಇಲ್ಲವಾ?" ಅಂದಳು. ಅವತ್ತಿನಿಂದ ಪಕ್ಕದ ಮನೆಯವರ ಚಿಂತೆ ಬಿಟ್ಟೆ.

ದೀಪಾವಳಿಗೆ ಮಗಳು ಬಂದಿದ್ದಳು. ಅಪ್ಪನೂ ಅಂಕೋಲಾದಿಂದ ಬಂದಿದ್ದರು. ಅವರಿಗೆ 78 ವರ್ಷ. ಸಂಜೆ ದೀಪ ಹಚ್ಚಿದ ಮೇಲೆ ಕೂತೆ. ಮೂರನೇ ಸಾಲಿನಲ್ಲಿ ಪಾ ಬದಲು ಸಾ ಒತ್ತಿದೆ, ಆದರೆ ನಿಲ್ಲಿಸಲಿಲ್ಲ. ನಾಲ್ಕನೇ ಸಾಲಿಗೆ ಅಪ್ಪ ಸಣ್ಣ ದನಿಯಲ್ಲಿ ಹಾಡತೊಡಗಿದರು. ಕಪ್ಪು ಮೂರು ಅವರಿಗೆ ಎತ್ತರವಾಯಿತು. ಮಗಳು ಪಕ್ಕದಿಂದ ಕೈ ಚಾಚಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ನಾಲ್ಕು ಮೆಟ್ಟಿಲು ಇಳಿಸಿಕೊಟ್ಟಳು, ಇನ್ನೊಮ್ಮೆ ನುಡಿಸಿದೆ. ಎರಡನೇ ಸಲ ಪಾ ಸರಿಯಾಗಿ ಬಂತು.

ಮಗಳು ಸ್ವರ ಹಿಡಿದಿಡುವ ಪೆಡಲ್ ಆರ್ಡರ್ ಮಾಡಿ ಹೋಗಿದ್ದಾಳೆ, ಇವತ್ತು ಬಂತು. ಸದಾಶಿವಗಡದ ಅಣ್ಣ, ಮೊದಲು ಇದನ್ನು ಚುಚ್ಚಿ ಆಮೇಲೆ ಆನ್ ಮಾಡಬೇಕಾ, ಆನ್ ಮಾಡಿ ಚುಚ್ಚಬೇಕಾ?

ಸದಾಶಿವಗಡ, ಅಕ್ಟೋಬರ್ 26, ರಾತ್ರಿ 11:15

ಮೊದಲು ಚುಚ್ಚಿ, ಆಮೇಲೆ ಆನ್. ಆನ್ ಆಗುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಇಟ್ಟರೆ ಕೆಲವು ಕೀಬೋರ್ಡ್‌ಗಳಲ್ಲಿ ಉಲ್ಟಾ ಕೆಲಸ ಮಾಡುತ್ತದೆ, ಒತ್ತಿದಾಗ ಸ್ವರ ನಿಂತು ಬಿಟ್ಟಾಗ ಹರಿಯುತ್ತದೆ. ಹಾಗಾದರೆ ಆರಿಸಿ ಮತ್ತೆ ಆನ್ ಮಾಡಿ. ಎಡಗೈ ಸಾ ಹೊಡೆದ ಮೇಲೆ ಒತ್ತಿ, ಪಾ ಬಂದ ಕೂಡಲೇ ಬಿಟ್ಟು ಮತ್ತೆ ಒತ್ತಿ. ಬಿಡದೆ ಒತ್ತಿಯೇ ಹಿಡಿದರೆ ಸ್ವರಗಳೆಲ್ಲ ಕಲಸಿಹೋಗುತ್ತವೆ.

ಕೋಡಿಬಾಗದ ಅಲೆ, ಅಕ್ಟೋಬರ್ 26, ರಾತ್ರಿ 11:40

ಚುಚ್ಚಿದೆ. ಸಾ ಹೊಡೆದು ಕಾಲಿಟ್ಟೆ, ಕೈ ತೆಗೆದೆ. ಇನ್ನೂ ಕೇಳಿಸುತ್ತಿದೆ.